ಚಿಟ್ಟೆಯ ಮೀಸೆ, ಯಂತ್ರದ ಮೂಗು



ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಕಡೆಯವರಿಗೆ ಬಿತ್ತನೆ ಕೋಠಿ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ರೇಷ್ಮೆ ಗೂಡುಗಳೆಲ್ಲ ನೂಲಾಗುವುದಿಲ್ಲ. ಒಂದಷ್ಟನ್ನು ಬಿತ್ತನೆಗೆಂದು, ಅಂದರೆ ಮುಂದಿನ ಬೆಳೆಯ ಮೊಟ್ಟೆಗೆಂದು, ಉಳಿಸಿಕೊಳ್ಳುತ್ತಾರೆ. ಆ ಗೂಡುಗಳಿಂದ ಚಿಟ್ಟೆ ಹೊರಬಂದು, ಜೋಡಿಯಾಗಿ, ಮೊಟ್ಟೆಯಿಡುವ ಜಾಗವೇ ಕೋಠಿ. ಗಂಡು ಚಿಟ್ಟೆಗೊಂದು ತಟ್ಟೆ, ಹೆಣ್ಣು ಚಿಟ್ಟೆಗೊಂದು ತಟ್ಟೆ. ಬೆಳಗಿನ ಹೊತ್ತು ಗಂಡು ಚಿಟ್ಟೆಗಳು ತಮ್ಮ ತಟ್ಟೆಯಲ್ಲಿ ಮಂಕಾಗಿ ಕೂತಿರುತ್ತವೆ. ಹೆಣ್ಣು ಚಿಟ್ಟೆಗಳ ತಟ್ಟೆಯನ್ನು ಪಕ್ಕಕ್ಕೆ ತಂದದ್ದೇ ತಡ, ಇಡೀ ತಟ್ಟೆ ಪಟಪಟನೆ ಅದುರತೊಡಗುತ್ತದೆ. ಆ ರೆಕ್ಕೆ ಬಡಿತ ಹಾರುವುದಕ್ಕಲ್ಲ. ಸಾವಿರಾರು ವರ್ಷ ಸಾಕಿ ಸಾಕಿ ಈ ಚಿಟ್ಟೆಯ ಹಾರುವ ಶಕ್ತಿಯನ್ನು ನಾವೇ ಕಳೆದಿದ್ದೇವೆ. ರೆಕ್ಕೆ ಬಡಿದು ಅದು ಎದುರಿನ ಗಾಳಿಯನ್ನು ತನ್ನ ಮೀಸೆಯ ಮೇಲೆ ಎಳೆದುಕೊಳ್ಳುತ್ತದೆ. ಆಮೇಲೆ ಅಡ್ಡಾದಿಡ್ಡಿ ನಡೆಯುತ್ತ ಹೆಣ್ಣಿನ ಬಳಿ ಹೋಗಿ ಸೇರುತ್ತದೆ. ಹೆಣ್ಣನ್ನು ಗಾಜಿನ ಬಟ್ಟಲಲ್ಲಿ ಮುಚ್ಚಿಟ್ಟರೆ ಕಣ್ಣೆದುರಿಗೇ ಇದ್ದರೂ ಗಂಡಿಗೆ ಅದರ ಗೊಡವೆಯಿಲ್ಲ. ಹೆಣ್ಣಿನ ವಾಸನೆ ಅಂಟಿದ ಕಾಗದದ ಚೂರೊಂದು ಸಿಕ್ಕರೆ ಸಾಕು, ಅದರ ಸುತ್ತಲೇ ಕುಣಿಯುತ್ತದೆ.

ಯಾವುದು ಈ ವಾಸನೆ? ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಎಂಬ ರಸಾಯನಶಾಸ್ತ್ರಜ್ಞರು ಈ ಪ್ರಶ್ನೆಯ ಹಿಂದೆ ಇಪ್ಪತ್ತು ವರ್ಷ ಬಿದ್ದಿದ್ದರು. ಲೈಂಗಿಕ ಹಾರ್ಮೋನುಗಳ ಕೆಲಸಕ್ಕೆ 1939ರಲ್ಲೇ ನೊಬೆಲ್ ಪ್ರಶಸ್ತಿಗೆ ಆಯ್ಕೆಯಾಗಿದ್ದವರು ಅವರು. ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳ ಹೊಟ್ಟೆಯ ತುದಿಯಲ್ಲಿರುವ ಗ್ರಂಥಿಗಳನ್ನು ಕತ್ತರಿಸಿ, ಅರೆದು, ಸೋಸಿ, ಬೇರ್ಪಡಿಸಿ, ಕೊನೆಗೆ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ. ಸೋಸಿದ ಒಂದೊಂದು ಪಾಲಿನಲ್ಲಿ ಆ ವಸ್ತು ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೆ ಅವರಲ್ಲಿದ್ದ ಉಪಕರಣ ಒಂದೇ: ಗಂಡು ಚಿಟ್ಟೆ. ಮುಂದೆ ಹಿಡಿದಾಗ ರೆಕ್ಕೆ ಬಡಿದರೆ ಇದೆ, ಬಡಿಯದಿದ್ದರೆ ಇಲ್ಲ. 1959ರಲ್ಲಿ ಆ ವಸ್ತುವಿನ ರಚನೆ ಪ್ರಕಟವಾಯಿತು. ರೇಷ್ಮೆ ಹುಳುವಿನ ಶಾಸ್ತ್ರೀಯ ಹೆಸರು ಬಾಂಬಿಕ್ಸ್ ಮೋರಿ. ಹಾಗಾಗಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು.

ಬಾಂಬಿಕಾಲ್ ಎಂಬುದು 16 ಇಂಗಾಲದ ಪರಮಾಣುಗಳು ಸಾಲಾಗಿ ಕೈಹಿಡಿದು ನಿಂತ ಸರಪಳಿ. ಅದರಲ್ಲಿ ಎರಡು ಕಡೆ ಜೋಡಿಬಂಧ. ಒಂದೊಂದು ಜೋಡಿಬಂಧದ ಹತ್ತಿರವೂ ಸರಪಳಿ ನೇರವಾಗಿ ಮುಂದುವರಿಯಬಹುದು, ಇಲ್ಲವೇ ಸೊಟ್ಟಗೆ ತಿರುಗಬಹುದು. ಹೀಗಾಗಿ ಅದೇ ಪರಮಾಣುಗಳಿಂದ ನಾಲ್ಕು ಬಗೆಯ ಅಣುಗಳಾಗಬಹುದು. ಗಂಡು ಚಿಟ್ಟೆ ಕುಣಿಯುವುದು ಅವುಗಳಲ್ಲಿ ಒಂದಕ್ಕೆ. ಉಳಿದ ಮೂರಕ್ಕೆ ಅದು ತಿರುಗಿ ನೋಡಬೇಕಾದರೆ ನೂರಾರು ಪಟ್ಟು ಹೆಚ್ಚು ಸುರಿಯಬೇಕು. ಸರಪಳಿಯ ಒಂದು ತಿರುವು ಬದಲಾದದ್ದು ಚಿಟ್ಟೆಯ ಮೀಸೆಗೆ ಹೇಗೆ ಗೊತ್ತಾಗುತ್ತದೆ? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಮುತ್ತಲೇ.

ಗಂಡು ಚಿಟ್ಟೆಯ ಒಂದೊಂದು ಮೀಸೆಯೂ ಬಾಚಣಿಗೆಯಂತೆ ಹಲ್ಲುಹಲ್ಲಾಗಿದ್ದು, ಅದರ ಮೇಲೆ ಸುಮಾರು 17,000 ಸೂಕ್ಷ್ಮ ರೋಮಗಳಿವೆ. ಒಂದೊಂದು ರೋಮದೊಳಗೂ ಬಾಂಬಿಕಾಲ್‌ಗೆಂದೇ ಮೀಸಲಾದ ಒಂದು ನರಕೋಶ. 1957ರಲ್ಲಿ ಡೀಟ್ರಿಕ್ ಷ್ನೈಡರ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಈ ಮೀಸೆಯನ್ನು ಕತ್ತರಿಸಿ, ಎರಡು ತುದಿಗೂ ವಿದ್ಯುದಗ್ರ ಜೋಡಿಸಿ, ಮೇಲೆ ಹೆಣ್ಣಿನ ವಾಸನೆ ಊದಿದರು. ಮಾಪಕದ ಗೆರೆ ಕುಸಿದು ಮೇಲೆದ್ದಿತು. ಜೀವದ ಒಂದು ತುಣುಕು, ಒಂದು ತಂತಿ, ಒಂದು ಮಾಪಕ: ಇವತ್ತು ಬಯೋಸೆನ್ಸರ್ ಎನ್ನುತ್ತೇವಲ್ಲ, ಅದಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು. ವಾಸನೆಯ ಮೊದಲ ಬಯೋಸೆನ್ಸರ್ ಅದೇ ಎಂದು ನಾನಂತೂ ಎಣಿಸುತ್ತೇನೆ.

ಬಯೋಸೆನ್ಸರ್ ಎಂದರೆ ದೂರದ ವಸ್ತುವೇನಲ್ಲ. ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲೆಲ್ಲ ಒಂದಿದೆ. ಬೆರಳು ಚುಚ್ಚಿ ರಕ್ತದ ಹನಿಯನ್ನು ಮುಟ್ಟಿಸುವ ಆ ಪುಟ್ಟ ಪಟ್ಟಿಯ ಮೇಲೆ ಕಿಣ್ವವೊಂದು ಕೂತಿರುತ್ತದೆ. ಅದು ಗ್ಲೂಕೋಸನ್ನು ಗುರುತು ಹಿಡಿದು ಕೆಲಸ ಮಾಡಿದಾಗ ಹುಟ್ಟುವ ವಿದ್ಯುತ್ತನ್ನು ಯಂತ್ರ ಅಂಕಿಯಾಗಿ ತೋರಿಸುತ್ತದೆ. ಇದರ ಮೂಲ ರೂಪವನ್ನು ಅಮೆರಿಕದ ಲೆಲಂಡ್ ಕ್ಲಾರ್ಕ್ 1962ರಲ್ಲೇ ವಿವರಿಸಿದ್ದರು. ಗ್ಲೂಕೋಸಿಗೆ ಅರವತ್ತು ವರ್ಷದ ಹಿಂದೆಯೇ ಸಾಧ್ಯವಾದದ್ದು ವಾಸನೆಗೆ ಯಾಕೆ ಆಗಲಿಲ್ಲ? ಅಡಚಣೆಗಳು ಎರಡು. ಶಬ್ದಕ್ಕಾದರೆ ಕಂಪನದ ಎಣಿಕೆಯಿದೆ, ಬಣ್ಣಕ್ಕೆ ಬೆಳಕಿನ ಅಲೆಯ ಉದ್ದವಿದೆ. ಮಲ್ಲಿಗೆಯಿಂದ ಬೆಳ್ಳುಳ್ಳಿಯವರೆಗೆ ವಾಸನೆಗಳನ್ನು ಸಾಲಾಗಿ ನಿಲ್ಲಿಸುವ ಅಂಥ ಅಳತೆಗೋಲು ಯಾವುದೂ ಇಲ್ಲ. ಇನ್ನೊಂದು, ವಾಸನೆಯನ್ನು ಹಿಡಿಯುವ ಪ್ರೋಟೀನು, ನಾವು ಗ್ರಾಹಕ ಎಂದು ಕರೆಯುವುದು, ಯಾವುದೆಂಬುದೇ ಬಹಳ ಕಾಲ ಗೊತ್ತಿರಲಿಲ್ಲ.

ಆ ಹುಡುಕಾಟದಲ್ಲಿ ನಮ್ಮವರೂ ಇದ್ದರು. ಒಬೈದ್ ಸಿದ್ದಿಕಿ ಮತ್ತು ಅವರ ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗಸ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹಣ್ಣಿನ ನೊಣಗಳನ್ನು ಸಾಕಿಕೊಂಡು, ಮೂಗು ಕೆಟ್ಟ ನೊಣಗಳನ್ನು ಹೆಕ್ಕುತ್ತಿದ್ದರು. ವಾಸನೆ ಬಂದ ಕಡೆ ಎಲ್ಲ ನೊಣಗಳೂ ಹೋದಾಗ ಹೋಗದೆ ಉಳಿದ ನೊಣದ ವಂಶದಲ್ಲಿ ಯಾವುದೋ ಜೀನು ಕೆಟ್ಟಿರಬೇಕು. ಆ ಜೀನು ಸಿಕ್ಕರೆ ವಾಸನೆಯ ಯಂತ್ರದ ಒಂದು ಬಿಡಿಭಾಗ ಸಿಕ್ಕಂತೆ. ಹೀಗಿತ್ತು ಅವರ ತರ್ಕ. 1978ರಲ್ಲಿ ಇಂಥ ತಳಿಗಳ ಬಗ್ಗೆ ಅವರು ಬರೆದಾಗ ಜಗತ್ತಿನಲ್ಲಿ ಈ ದಾರಿ ಹಿಡಿದವರು ತೀರಾ ವಿರಳ. ಮುಂದೆ ಸಿದ್ದಿಕಿಯವರು ಬೆಂಗಳೂರಿಗೆ ಬಂದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಅದೇ. ರಾಡ್ರಿಗಸ್ ಅವರೂ ಕಡೆಯವರೆಗೆ ನೊಣದ ಮೂಗನ್ನು ಬಿಡಲಿಲ್ಲ.

ಗ್ರಾಹಕ ಕಡೆಗೂ ಸಿಕ್ಕಿದ್ದು ಇಲಿಯಲ್ಲಿ. 1991ರಲ್ಲಿ ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಮೂಗಿನ ಗ್ರಾಹಕಗಳ ದೊಡ್ಡದೊಂದು ಜೀನ್ ಕುಟುಂಬವನ್ನೇ ಪತ್ತೆ ಹಚ್ಚಿದರು. 2004ರಲ್ಲಿ ಅದಕ್ಕೆ ನೊಬೆಲ್ ಬಂತು. ನಮ್ಮಲ್ಲಿ ಕೆಲಸ ಮಾಡುವ ಇಂಥ ಗ್ರಾಹಕಗಳು ಸುಮಾರು 400 ಬಗೆ. ಇಲಿಗೆ ಸಾವಿರಕ್ಕೂ ಮೇಲೆ. ಆಫ್ರಿಕದ ಆನೆಗೆ ಎರಡು ಸಾವಿರದ ಹತ್ತಿರ. ಸೊಂಡಿಲನ್ನು ಸುಮ್ಮನೆ ಹೊತ್ತಿಲ್ಲ ಅದು. ಒಂದು ನರಕೋಶ ಸಾಮಾನ್ಯವಾಗಿ ಒಂದೇ ಬಗೆಯ ಗ್ರಾಹಕವನ್ನು ಇಟ್ಟುಕೊಳ್ಳುತ್ತದೆ. ಒಂದು ಅಣು ಹಲವು ಗ್ರಾಹಕಗಳನ್ನು ಎಚ್ಚರಿಸಬಹುದು, ಒಂದು ಗ್ರಾಹಕ ಹಲವು ಅಣುಗಳಿಗೆ ಓಗೊಡಬಹುದು. ಯಾವ ಯಾವ ಗ್ರಾಹಕ ಎದ್ದಿತು ಎಂಬ ಒಟ್ಟು ಲೆಕ್ಕವನ್ನು ನೋಡಿ ಮಿದುಳು ಇದು ಏಲಕ್ಕಿ, ಇದು ಇಂಗು ಎಂದು ತೀರ್ಮಾನಿಸುತ್ತದೆ. ನಾನೂರೇ ಗ್ರಾಹಕ ಇಟ್ಟುಕೊಂಡು ಅಷ್ಟೊಂದು ವಾಸನೆ ಹಿಡಿಯುವ ನಮ್ಮ ಗುಟ್ಟು ಇದು.

ಅಣುವಿನ ಆಕಾರ ಎಷ್ಟು ಮುಖ್ಯ ಎನ್ನುವುದಕ್ಕೆ ಅಡುಗೆಮನೆಯಲ್ಲೇ ಸಾಕ್ಷಿಯಿದೆ. ಪುದೀನದ ವಾಸನೆಯ ಮುಖ್ಯ ಅಣುವಿನ ಹೆಸರು ಕಾರ್ವೋನ್. ಸಬ್ಬಸಿಗೆ ಬೀಜದಲ್ಲಿರುವುದೂ ಕಾರ್ವೋನೇ. ಅದೇ ಪರಮಾಣುಗಳು, ಅದೇ ಜೋಡಣೆ. ಆದರೆ ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿ ರೂಪ. ಮೂಗಿಗೆ ಅಷ್ಟು ವ್ಯತ್ಯಾಸ ಸಾಕು, ಒಂದನ್ನು ಚಟ್ನಿಗೆ ಹಾಕುತ್ತೇವೆ, ಇನ್ನೊಂದರ ಬೀಜದ ನೀರನ್ನು ಮಗುವಿನ ಹೊಟ್ಟೆನೋವಿಗೆ ಕುಡಿಸುತ್ತೇವೆ. ಇಂಥದ್ದನ್ನೆಲ್ಲ ನೋಡಿಯೇ ಪಠ್ಯಪುಸ್ತಕಗಳು ಗ್ರಾಹಕವನ್ನು ಬೀಗವೆಂದೂ ಅಣುವನ್ನು ಬೀಗದಕೈ ಎಂದೂ ಬಣ್ಣಿಸುತ್ತ ಬಂದವು. ಈ ಹೋಲಿಕೆಯ ಬಗ್ಗೆ ನನಗೆ ತಕರಾರಿದೆ. ಅದು ಎಲ್ಲಿ ತಪ್ಪುತ್ತದೆ ಎಂದು ತೋರಿಸಿಕೊಟ್ಟದ್ದು ಒಂದು ರೆಕ್ಕೆಯಿಲ್ಲದ ಹುಳು.

ಅದಕ್ಕೆ ಮುಂಚೆ ಕೀಟದ ಗ್ರಾಹಕದ ಬಗ್ಗೆ ಒಂದು ಮಾತು. ನಮ್ಮ ಮೂಗಿನಲ್ಲಿ ಅಣು ಬಂದು ಗ್ರಾಹಕಕ್ಕೆ ತಗುಲಿದರೆ ಗ್ರಾಹಕ ಒಳಗಿನ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಒಂದು ಕಿಣ್ವವನ್ನು, ಕಿಣ್ವ ಒಂದು ರಾಸಾಯನಿಕ ಸಂದೇಶವನ್ನು, ಅದು ಪೊರೆಯ ನಾಳವನ್ನು, ಆಮೇಲೆ ವಿದ್ಯುತ್ತು. ಕೈಯಿಂದ ಕೈಗೆ ದಾಟುವ ಕೆಲಸ. ಕೀಟದ್ದೂ ಹೀಗೆಯೇ ಎಂದು ಎಲ್ಲರೂ ನಂಬಿದ್ದರು. 2006ರ ಹೊತ್ತಿಗೆ, ಕೀಟದ ಗ್ರಾಹಕ ಜೀವಕೋಶದ ಪೊರೆಯಲ್ಲಿ ನಮ್ಮದಕ್ಕೆ ತಲೆಕೆಳಗಾಗಿ ಕೂತಿದೆ ಎಂದು ತಿಳಿಯಿತು. 2008ರಲ್ಲಿ ಇನ್ನೊಂದು ಸುದ್ದಿ: ಅದು ಗ್ರಾಹಕವೂ ಹೌದು, ತಾನೇ ನಾಳವೂ ಹೌದು. ನಾಲ್ಕು ಪ್ರೋಟೀನು ಸೇರಿ ನಡುವೆ ಒಂದು ತೂತು. ವಾಸನೆಯ ಅಣು ತಗುಲಿದರೆ ತೂತು ತೆರೆದು ಅಯಾನುಗಳು ನುಗ್ಗುತ್ತವೆ. ಮಧ್ಯವರ್ತಿಗಳಿಲ್ಲ. ಯಂತ್ರ ಕಟ್ಟುವವರ ಕಿವಿ ನೆಟ್ಟಗಾಗಲು ಇಷ್ಟು ಸಾಕಿತ್ತು.

ಈಗ ಆ ಹುಳು. ಮಚಿಲಿಸ್ ಹ್ರಬೈ ಎಂದು ಅದರ ಹೆಸರು. ಕಲ್ಲಿನ ಸಂದಿಯಲ್ಲಿ ಕುಪ್ಪಳಿಸಿಕೊಂಡಿರುವ, ಕೀಟಗಳ ಬಹು ಪುರಾತನ ಕವಲಿಗೆ ಸೇರಿದ ಜೀವಿ. ಅದರ ವಾಸನೆ ಗ್ರಾಹಕಗಳು ಐದೇ ಐದು. ಅವುಗಳಲ್ಲೊಂದನ್ನು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ವನೆಸ್ಸಾ ರೂಟಾ ಅವರ ತಂಡ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು, ಪರಮಾಣುಗಳ ಜಾಗ ಗುರುತಿಸುವ ಮಟ್ಟಕ್ಕೆ ನೋಡಿತು. 2021ರಲ್ಲಿ ಚಿತ್ರ ಪ್ರಕಟವಾಯಿತು. ಒಂದು ಚಿತ್ರದಲ್ಲಿ ಗ್ರಾಹಕ ಖಾಲಿ. ಇನ್ನೊಂದರಲ್ಲಿ ಅದರೊಳಗೆ ಯೂಜಿನಾಲ್, ಎಂದರೆ ನಮ್ಮ ಲವಂಗದ ವಾಸನೆ; ಹಲ್ಲಿನ ಡಾಕ್ಟರ ಕೋಣೆಗೆ ಕಾಲಿಟ್ಟಾಗ ಮೂಗಿಗೆ ಬರುವುದೂ ಬಹುಮಟ್ಟಿಗೆ ಅದೇ. ಮೂರನೆಯದರಲ್ಲಿ ಡೀಟ್, ಸೊಳ್ಳೆ ಓಡಿಸುವ ಲೇಪಗಳಲ್ಲಿರುವ ರಾಸಾಯನಿಕ.

ಲವಂಗದ ಅಣುವಿಗೂ ಡೀಟಿಗೂ ಆಕಾರದಲ್ಲಿ ಅಂಥ ಸಾಮ್ಯವೇನಿಲ್ಲ. ಆದರೂ ಎರಡೂ ಹೋಗಿ ಕೂತದ್ದು ಒಂದೇ ಪೊಟರೆಯಲ್ಲಿ. ಆ ಪೊಟರೆಯ ಗೋಡೆಗಳು ಬಹುಪಾಲು ನೀರಿಗೆ ಒಗ್ಗದ, ಎಣ್ಣೆಯ ಗುಣದ ಅಮೈನೋ ಆಮ್ಲಗಳು. ಅಣುವಿನ ಯಾವುದೋ ಒಂದು ಮೂಲೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುವ ಕೊಕ್ಕೆ ಅಲ್ಲಿ ಕಾಣಲಿಲ್ಲ. ಸುತ್ತಲಿಂದ ಹಲವು ಕಡೆ ಸಡಿಲವಾಗಿ ತಾಗಿಕೊಂಡು ಒಳಗಿಟ್ಟುಕೊಂಡಿದೆ, ಅಷ್ಟೆ. ಬೀಗದ ಕಿಂಡಿ ಎನ್ನುವ ಬದಲು ಜೋಳಿಗೆ ಎಂದರೆ ಸರಿಹೋಗುತ್ತದೆ. ಅದಕ್ಕೇ ಆ ಒಂದು ಗ್ರಾಹಕ ಪರೀಕ್ಷಿಸಿದ ವಾಸನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಓಗೊಟ್ಟಿತು. ಇಷ್ಟು ಸಡಿಲವಾದರೂ ಅದು ಬೇಕಾಬಿಟ್ಟಿಯೂ ಅಲ್ಲ. ಪೊಟರೆಯ ಗೋಡೆಯಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದಾಗ ಅದರ ಇಷ್ಟಾನಿಷ್ಟಗಳು ಬದಲಾದವು. ಬಯೋಸೆನ್ಸರ್ ಕಟ್ಟುವವರು ಮೈಮರೆತು ನೋಡಿದ್ದು ಈ ಭಾಗವನ್ನೇ. ಯಾವ ಜಾಗದಲ್ಲಿ ಏನು ಬದಲಿಸಿದರೆ ಯಾವ ಅಣುವಿನ ಕಡೆ ಒಲವು ತಿರುಗುತ್ತದೆ ಎಂದು ತಿಳಿದರೆ, ನಿಸರ್ಗದಲ್ಲಿಲ್ಲದ ಗ್ರಾಹಕವನ್ನೂ ನಮಗೆ ಬೇಕಾದ ವಾಸನೆಗೆ ಹೊಲಿದುಕೊಳ್ಳಬಹುದು.

ಮನುಷ್ಯನ ಗ್ರಾಹಕದ ಚಿತ್ರ ಸಿಗಲು 2023ರವರೆಗೆ, ಎಂದರೆ ಜೀನು ಸಿಕ್ಕ ಮೇಲೂ 32 ವರ್ಷ, ಕಾಯಬೇಕಾಯಿತು. ಕಾರಣ ಸೋಜಿಗದ್ದು. ಈ ಗ್ರಾಹಕಗಳು ಮೂಗಿನ ನರಕೋಶ ಬಿಟ್ಟು ಬೇರೆ ಜೀವಕೋಶದಲ್ಲಿ ತಯಾರಾದರೆ ಪೊರೆಯವರೆಗೆ ಬರುವುದೇ ಇಲ್ಲ. ಒಳಗೇ ಸಿಕ್ಕಿಬಿದ್ದು ಹಾಳಾಗುತ್ತವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹಿರೋಆಕಿ ಮತ್ಸುನಾಮಿ ಅವರ ತಂಡ ಗ್ರಾಹಕವನ್ನು ಪೊರೆಗೆ ಮುಟ್ಟಿಸುವ ಸಹಾಯಕ ಪ್ರೋಟೀನುಗಳನ್ನು 2004ರಲ್ಲಿ ಕಂಡುಹಿಡಿಯಿತು. ಅಷ್ಟಾದರೂ ಚಿತ್ರ ತೆಗೆಯುವಷ್ಟು ಪ್ರಮಾಣದಲ್ಲಿ ಸಿಗುತ್ತಿರಲಿಲ್ಲ. ಕೊನೆಗೆ ಮತ್ಸುನಾಮಿ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಆಶೀಷ್ ಮಂಗ್ಲಿಕ್ ಅವರ ತಂಡಗಳು ಓಆರ್51ಇ2 ಎಂಬ ಗ್ರಾಹಕವನ್ನು ಆರಿಸಿಕೊಂಡವು. ಅದು ಮೂಗಿನಲ್ಲಷ್ಟೇ ಅಲ್ಲ, ಪ್ರೊಸ್ಟೇಟ್ ಗ್ರಂಥಿಯಲ್ಲೂ ಬೇರೆ ಅಂಗಾಂಶಗಳಲ್ಲೂ ಇರುತ್ತದೆ. ಹೊರಗೆ ಬದುಕಿ ಅಭ್ಯಾಸವಾದದ್ದು ಪ್ರಯೋಗಾಲಯದಲ್ಲೂ ಬದುಕೀತೆಂಬ ಎಣಿಕೆ ಫಲಿಸಿತು. ಅದರೊಳಗೆ ಕೂತಿದ್ದ ಅಣು ಪ್ರೊಪಿಯೊನೇಟ್, ಹಳೆಯ ಚೀಸಿನ ಘಾಟು.

ಇಲ್ಲಿ ಕಂಡದ್ದು ಹುಳುವಿನದಕ್ಕೆ ತದ್ವಿರುದ್ಧ. ಪೊಟರೆ ಬಲು ಚಿಕ್ಕದು, ಮುಚ್ಚಿಕೊಂಡದ್ದು. ಆರ್ಜಿನಿನ್ ಎಂಬ ಅಮೈನೋ ಆಮ್ಲವೊಂದು ಪ್ರೊಪಿಯೊನೇಟಿನ ಆಮ್ಲದ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಪೊಟರೆ ಚಿಕ್ಕದಾದ್ದರಿಂದ ಉದ್ದ ಸರಪಳಿಯ ಕೊಬ್ಬಿನಾಮ್ಲಗಳಿಗೆ ಒಳಗೆ ಜಾಗವಿಲ್ಲ. ಸಂಶೋಧಕರು ಗೋಡೆಯ ಅಮೈನೋ ಆಮ್ಲ ಬದಲಿಸಿ ಪೊಟರೆಯನ್ನು ಅಗಲ ಮಾಡಿದಾಗ ಉದ್ದದವೂ ಒಳಗೆ ಬಂದವು. ಹಾಗಾದರೆ ಬೀಗ ಎಂದವರು ಪೂರ್ತಿ ತಪ್ಪಲ್ಲ, ಕೆಲವು ಬೀಗಗಳೂ ಇವೆ. ಎಲ್ಲ ಗ್ರಾಹಕಕ್ಕೂ ಒಂದೇ ನಿಯಮ ಹೇಳಹೊರಟರೆ ಮಾತ್ರ ದಾರಿ ತಪ್ಪುತ್ತದೆ.

ಯಂತ್ರಗಳ ಕಡೆ ಬರೋಣ. ಜಪಾನಿನವರ ಒಂದು ಪ್ರಯೋಗ ನನಗೆ ಬಹಳ ಇಷ್ಟ. 2004ರಲ್ಲಿ ಅಲ್ಲಿನ ಸಂಶೋಧಕರು ರೇಷ್ಮೆ ಚಿಟ್ಟೆಯ ಬಾಂಬಿಕಾಲ್ ಗ್ರಾಹಕವನ್ನು ಗುರುತಿಸಿದರು. 2010ರಲ್ಲಿ ಟೋಕಿಯೋದ ಒಂದು ತಂಡ ಆ ಗ್ರಾಹಕವನ್ನು ಕಟ್ಟುವ ಆನುವಂಶಿಕ ಸೂಚನೆಯನ್ನು ಕಪ್ಪೆಯ ಮೊಟ್ಟೆಯ ಕೋಶದೊಳಗೆ ಸೇರಿಸಿತು. ಆ ಕೋಶದ ಪೊರೆಯಲ್ಲಿ ಚಿಟ್ಟೆಯ ಗ್ರಾಹಕ ಮೂಡಿತು. ಕೋಶವನ್ನು ವಿದ್ಯುದಗ್ರಗಳ ನಡುವೆ ಇಟ್ಟು, ಆ ತಂತಿಯನ್ನು ಒಂದು ಬೊಂಬೆಯ ತಲೆಗೆ ಜೋಡಿಸಿದರು. ವಾಸನೆ ತಗುಲಿದರೆ ಬೊಂಬೆ ತಲೆಯಲ್ಲಾಡಿಸುತ್ತಿತ್ತು. ಎಲೆಕೋಸು ತಿನ್ನುವ ವಜ್ರಬೆನ್ನಿನ ಪತಂಗದ ಗ್ರಾಹಕಕ್ಕೂ ಹೀಗೇ ಮಾಡಿದರು. ಆಟಿಕೆಯಂತೆ ಕಂಡರೂ ಗ್ರಾಹಕ ತನ್ನ ಹುಳುವನ್ನು ಬಿಟ್ಟು ಬೇರೆ ಜೀವಕೋಶದಲ್ಲಿ ಕೂತು ಕೆಲಸ ಮಾಡಬಲ್ಲದೆಂದು ಅದು ಎಲ್ಲರ ಕಣ್ಣಿಗೂ ಕಾಣುವಂತೆ ತೋರಿಸಿತು. ಅದೇ ಊರಿನವರು 2021ರಲ್ಲಿ ಜೀವಕೋಶವನ್ನೂ ಬಿಟ್ಟರು. ಕೃತಕವಾದ ಕೊಬ್ಬಿನ ಪೊರೆಯಲ್ಲಿ ಸೊಳ್ಳೆಯ ಗ್ರಾಹಕ ಕೂರಿಸಿ, ಉಸಿರಿನಲ್ಲಿ ಬೆರೆಸಿದ ಆಕ್ಟೆನಾಲ್ ಎಂಬ ಅಣುವನ್ನು ಶತಕೋಟಿಗೆ ಒಂದು ಭಾಗಕ್ಕಿಂತ ಕಡಿಮೆ ಇದ್ದಾಗಲೂ ಹಿಡಿದರು. ನಮ್ಮನ್ನು ಹುಡುಕಿಕೊಂಡು ಬರಲು ಸೊಳ್ಳೆಗಳು ಬಳಸುವ ಸುಳಿವುಗಳಲ್ಲಿ ಅದೂ ಒಂದು.

ಕೊರಿಯಾದ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಮನುಷ್ಯನ ಗ್ರಾಹಕವನ್ನೇ ನೆಚ್ಚಿಕೊಂಡರು. ಕೂದಲಿಗಿಂತ ಎಷ್ಟೋ ಸಾವಿರ ಪಟ್ಟು ತೆಳುವಾದ ಇಂಗಾಲದ ಕೊಳವೆಗಳ ಮೇಲೆ ಗ್ರಾಹಕವನ್ನು ಹರಡಿ, ಅಣು ತಗುಲಿದಾಗ ಕೊಳವೆಯ ವಿದ್ಯುತ್ತಿನಲ್ಲಾಗುವ ಏರಿಳಿತ ಅಳೆದರು. ಹಣ್ಣಿನ ವಾಸನೆಯ ಒಂದು ಅಣುವನ್ನೂ, ಅದಕ್ಕಿಂತ ಒಂದೇ ಒಂದು ಇಂಗಾಲ ಹೆಚ್ಚುಕಡಿಮೆಯಿರುವ ಅಣುವನ್ನೂ ಅದು ಬೇರೆ ಬೇರೆ ಎಂದು ಗುರುತಿಸಿತು. 2015ರಲ್ಲಿ ಅವರು ಕುಡಿಯುವ ನೀರಿನ ಜಿಯೋಸ್ಮಿನ್ ಹಿಡಿಯುವ ಸಾಧನ ಮಾಡಿದರು. ಕೆರೆಯಲ್ಲಿ ನೀಲಿಹಸಿರು ಪಾಚಿ ಹೆಚ್ಚಾದಾಗ ನಲ್ಲಿಯ ನೀರಿಗೆ ಮಣ್ಣಿನ ವಾಸನೆ ಬರುತ್ತದಲ್ಲ, ಅದು ಈ ಜಿಯೋಸ್ಮಿನ್.

ಇಷ್ಟೆಲ್ಲ ಆದರೂ ಅಂಗಡಿಯಲ್ಲಿ ಗ್ಲೂಕೋಸ್ ಮೀಟರಿನಂತೆ ವಾಸನೆಯ ಮೀಟರು ಯಾಕೆ ಸಿಗುವುದಿಲ್ಲ? ಗ್ಲೂಕೋಸಿನ ಕಿಣ್ವ ನೀರಿನಲ್ಲಿ ಕರಗುವ, ಒಣಗಿಸಿ ಪಟ್ಟಿಯ ಮೇಲೆ ತಿಂಗಳುಗಟ್ಟಲೆ ಇಡಬಹುದಾದ ಗಟ್ಟಿ ಪ್ರೋಟೀನು. ವಾಸನೆಯ ಗ್ರಾಹಕ ಕೊಬ್ಬಿನ ಪೊರೆಯೊಳಗೆ ಹುಟ್ಟಿ ಅಲ್ಲೇ ಇರಬೇಕಾದದ್ದು. ಪೊರೆ ಹರಿದರೆ ಅದು ಮುದುಡುತ್ತದೆ, ಒಣಗಿದರೆ ಸಾಯುತ್ತದೆ. ಗಾಳಿಯಲ್ಲಿ ಬರುವ ವಾಸನೆಯನ್ನು ಮೊದಲು ನೀರಿಗೆ ಇಳಿಸಬೇಕು, ಆ ನೀರು ಆರದಂತೆ ನೋಡಿಕೊಳ್ಳಬೇಕು.

ಇದನ್ನು ತಪ್ಪಿಸಲು ಕೆಲವರು ವಾಸನೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುವ ಬೇರೆ ಪ್ರೋಟೀನುಗಳನ್ನು ಹುಡುಕುತ್ತಾರೆ. ಅಲ್ಲಿ ಅವರೊಂದು ಸಂಗತಿ ಮರೆಯುತ್ತಾರೆ ಎಂದು ನನಗನ್ನಿಸುತ್ತದೆ. ಬಿಗಿಯಾಗಿ ಹಿಡಿದದ್ದು ಬಿಡುವುದಿಲ್ಲ. ಕೋವಿಡ್ ಕಾಲದ ಮನೆಪರೀಕ್ಷೆಯ ಪಟ್ಟಿಯಲ್ಲಿ ಪ್ರತಿಕಾಯ ವೈರಾಣುವನ್ನು ಹಿಡಿದು ಬಿಡದಿರುವುದೇ ಒಳ್ಳೆಯದು. ಒಮ್ಮೆ ಗೆರೆ ಮೂಡಿದರೆ ಪಟ್ಟಿ ಕಸದ ಬುಟ್ಟಿಗೆ. ಮೂಗು ಮುಂದಿನ ಉಸಿರಿಗೆ ಮತ್ತೆ ಖಾಲಿಯಾಗಿರಬೇಕು. ಅಡ್ಡಾದಿಡ್ಡಿ ನಡೆಯುವ ಗಂಡು ಚಿಟ್ಟೆಗೆ ಈ ಹೆಜ್ಜೆಯಲ್ಲಿ ವಾಸನೆಯಿತ್ತು, ಮುಂದಿನ ಹೆಜ್ಜೆಯಲ್ಲಿ ಇಲ್ಲ ಎಂದು ಆ ಕ್ಷಣಕ್ಕೇ ತಿಳಿಯದಿದ್ದರೆ ದಾರಿಯೇ ಸಿಗದು. ಅದಕ್ಕೆ ನಿಸರ್ಗ ಹಿಡಿತವನ್ನು ಬಹುಮಟ್ಟಿಗೆ ಸಡಿಲ ಮಾಡಿ, ನಿಖರತೆಯನ್ನು ಅಣುವಿನ ಆಕಾರದಿಂದಲೂ ಹಲವು ಗ್ರಾಹಕಗಳ ಒಟ್ಟು ಸಾಕ್ಷ್ಯದಿಂದಲೂ ತುಂಬಿಕೊಂಡಿದೆ. ಬಿಗಿತವೊಂದನ್ನೇ ಅರಸಿ ಹೊರಟವರಿಗೆ ಒಳ್ಳೆಯ ಪಟ್ಟಿ ಸಿಕ್ಕೀತು, ಮೂಗು ಸಿಗಲಾರದು.

ನಾನು ಪಣ ಕಟ್ಟುವುದಾದರೆ ಕೀಟದ ಗ್ರಾಹಕದ ಮೇಲೆ. ತಾನೇ ನಾಳವಾದ್ದರಿಂದ ಅದರ ಉತ್ತರ ನೇರವಾಗಿ ವಿದ್ಯುತ್ತು, ಮಧ್ಯದ ಪ್ರೋಟೀನುಗಳನ್ನು ಕೂಡಿಸುವ ಕಷ್ಟವಿಲ್ಲ. ಮೊದಲು ಬರುವುದು ಎಲ್ಲ ವಾಸನೆ ಹೇಳುವ ಯಂತ್ರವಲ್ಲ, ಒಂದೇ ಅಣುವಿಗಾಗಿ ಕಾದು ಕೂರುವ ಪುಟ್ಟ ಪೆಟ್ಟಿಗೆ. ಕೆರೆಯ ನೀರಿನಲ್ಲಿ ಜಿಯೋಸ್ಮಿನ್, ಕೆಡತೊಡಗಿದ ಮೀನಿನಲ್ಲಿ ಕಡಾವರಿನ್, ಎಲೆಕೋಸಿನ ಹೊಲದಲ್ಲಿ ವಜ್ರಬೆನ್ನಿನ ಹೆಣ್ಣು ಪತಂಗದ ವಾಸನೆ. ಈ ಮೂರಕ್ಕೂ ಗ್ರಾಹಕಗಳು ಈಗಾಗಲೇ ಗೊತ್ತಿವೆ. ಉಳಿದಿರುವುದು ಅವನ್ನು ಒಂದು ಬೇಸಿಗೆಯ ಮಟ್ಟಿಗೆ ಒಣಗದಂತೆ ಉಳಿಸಿಕೊಳ್ಳುವ ಕೆಲಸ. ಗ್ರಾಹಕದ ಚಿತ್ರ ತೆಗೆದವರಿಗಿಂತ ಇನ್ನು ಮುಂದೆ ಕೊಬ್ಬಿನ ಪೊರೆ ಕಟ್ಟುವವರ ಕೈಯಲ್ಲಿದೆ ಅದು.